ಮೊದಲ ಹೆಸರಿನ ಅಂಕಗಳು

ನಮ್ಮ ಓಣಿಯ ಹುಡುಗಿಯೊಬ್ಬಳು ಪಿಎಚ್.ಡಿ. ಮುಗಿಸಿಕೊಂಡು ಕೊಪ್ಪಳಕ್ಕೆ ಬಂದಿದ್ದಾಳೆ. ಮೊನ್ನೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಸಂಶೋಧನಾ ಫೆಲೋ ಹುದ್ದೆಯ ಸಂದರ್ಶನದಲ್ಲಿ ಏನನ್ನು ನೋಡುತ್ತಾರೆ ಎಂದು ಕೇಳಿದಳು. ಇಂಥ ಆಯ್ಕೆ ಸಮಿತಿಗಳಲ್ಲಿ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಕುಳಿತವಳು ನಾನು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು, ಧೈರ್ಯವಾಗಿರು, ನಿನ್ನ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಲು ಕಲಿ ಎಂದೆಲ್ಲ ಹೇಳಿ ಚಹಾ ಕುಡಿಸಿ ಕಳಿಸಿದೆ. ಅವಳು ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹೇಳಿದ್ದು ಸುಳ್ಳಲ್ಲ, ಆದರೆ ಅದರಿಂದ ಯಾರಿಗೂ ಹುದ್ದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಇಲ್ಲಿ ಬೇಡ. ಅದರಿಂದ ಯಾರಿಗೂ ಉಪಯೋಗವಿಲ್ಲ, ನನಗೂ ಆಗಲಿಲ್ಲ. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ನಾನು ಗಂಗಾವತಿ ಕಡೆಯ ಒಂದು ಮಣ್ಣು ಸಂಶೋಧನಾ ಕೇಂದ್ರಕ್ಕೆ ಬಂದೆ. ಒಂದು ಟ್ರಸ್ಟ್ ನಡೆಸುತ್ತಿದ್ದ ಸಣ್ಣ ಸಂಸ್ಥೆ ಅದು. ಕಾಲುವೆ ನೀರು ಬಂದ ಮೇಲೆ ಉಪ್ಪೇರಿ ಸವಳಾಗುತ್ತಿದ್ದ ಭತ್ತದ ಹೊಲಗಳೇ ನಮ್ಮ ವಿಷಯ. ಯೋಜನೆಯೊಂದು ಮಂಜೂರಾದರೆ ಪಿಎಚ್.ಡಿ. ಆದವರೊಬ್ಬರನ್ನು ಅದಕ್ಕೆ ಫೆಲೋ ಎಂದು ತೆಗೆದುಕೊಳ್ಳುತ್ತಿದ್ದೆವು. ವರ್ಷದ ಕರಾರು. ವರ್ಷ ತುಂಬಿದರೆ ಮತ್ತೆ ಸಂದರ್ಶನ, ಯೋಜನೆ ಮುಗಿದರೆ ಮನೆ. ನಲವತ್ತು ದಾಟಿದವರು ಅರ್ಜಿ ಹಾಕುವಂತಿಲ್ಲ. ಇಷ್ಟು ಚಿಕ್ಕ ಹುದ್ದೆಗೆ ಎಷ್ಟೊಂದು ಜನ ಬರುತ್ತಿದ್ದರು ಎಂದರೆ, ಸಂದರ್ಶನದ ದಿನ ನಮ್ಮ ಬೇವಿನ ಮರದ ನೆರಳು ಸಾಲುತ್ತಿರಲಿಲ್ಲ.

ಕೇಂದ್ರದ ಮುಖ್ಯಸ್ಥರು ದೇಸಾಯಿ ಸರ್. ಕೆಟ್ಟವರೆಂದು ಹೇಳಲಾರೆ. ಸಿಬ್ಬಂದಿಯ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ ತಾವೇ ಜೀಪು ಕಳಿಸುವ ಮನುಷ್ಯ. ಆದರೆ ಕೇಂದ್ರವೆಂದರೆ ತಮ್ಮ ಮನೆ ಎಂದೇ ಅವರ ತಿಳಿವಳಿಕೆ. ನನ್ನ ಮೊದಲ ಸಮಿತಿಯ ದಿನ ಮೂವರು ಸದಸ್ಯರ ಮುಂದೆಯೂ ಒಂದೊಂದು ಅಂಕಪಟ್ಟಿ, ಅದರ ಮೇಲೆ ಚೂಪಾಗಿ ಕೆತ್ತಿದ ಪೆನ್ಸಿಲ್ ಇಡಿಸಿದರು. ಬಿಸ್ಕತ್ತಿನ ತಟ್ಟೆಯಲ್ಲಿ ಒಂದು ರಬ್ಬರೂ ಇತ್ತು. ನನಗೆ ಅರ್ಥವಾಗಲಿಲ್ಲ. ಕೊನೆಯ ಅಭ್ಯರ್ಥಿ ಹೊರಗೆ ಹೋದ ಮೇಲೆ ಸರ್ ಒಬ್ಬೊಬ್ಬರ ಪಟ್ಟಿಯನ್ನೂ ಇಣುಕಿ ನೋಡಿ, ಈ ಹುಡುಗನಿಗೆ ಸ್ವಲ್ಪ ನೋಡ್ರಿ, ಆ ಹುಡುಗಿಗೆ ಅಷ್ಟು ಬೇಡ ಎಂದು ಮೆಲ್ಲಗೆ ಹೇಳುತ್ತ ಬಂದರು. ಎಲ್ಲರ ಪಟ್ಟಿ ಒಂದು ಹದಕ್ಕೆ ಬಂದ ಮೇಲೆ ಪೆನ್ನಿನಿಂದ ತುಂಬಿ ಸಹಿ ಹಾಕಬೇಕು. ಒಬ್ಬನಿಗೆ ನಾನು ಹದಿನೆಂಟು ಕೊಟ್ಟಿದ್ದೆ. ಅಳಿಸಿ ಹನ್ನೊಂದು ಮಾಡಿದೆ. ಆ ಹುಡುಗನ ಮುಖ ಈಗ ನೆನಪಿಲ್ಲ, ಅದೇ ನನಗೆ ಹೆಚ್ಚು ಹೇಸಿಗೆಯ ಸಂಗತಿ.

ಪೆನ್ಸಿಲನ್ನು ನಿಲ್ಲಿಸುವ ಶಕ್ತಿ ನನಗಿರಲಿಲ್ಲ. ಅದಕ್ಕೆ ನನ್ನದೇ ಒಂದು ಉಪಾಯ ಮಾಡಿಕೊಂಡೆ. ಸಂದರ್ಶನದ ಮೇಜಿನ ಮೇಲೆ ಮೂರು ಸ್ಟೀಲ್ ತಟ್ಟೆಗಳಲ್ಲಿ ಮಣ್ಣು ಇಡಿಸುತ್ತಿದ್ದೆ. ಒಂದು ಸವಳು, ಒಂದು ಕರ್ಲು ಎನ್ನುವ ಕ್ಷಾರದ ಮಣ್ಣು, ಇನ್ನೊಂದು ಒಳ್ಳೆಯ ಮಣ್ಣು. ಯಾವುದು ಯಾವುದು ಹೇಳಿ ಎಂದರೆ ಬಹಳ ಜನ ಮಣ್ಣಿನ ಕಡೆ ನೋಡದೆ ಪುಸ್ತಕದಲ್ಲಿದ್ದದ್ದನ್ನು ಹೇಳತೊಡಗುತ್ತಿದ್ದರು. ಒಬ್ಬ ಕರವಸ್ತ್ರದಿಂದ ತಟ್ಟೆಯನ್ನು ಅತ್ತ ಸರಿಸಿದ. ಅವನ ಇಂಗ್ಲಿಷ್ ಎಷ್ಟು ಚೆನ್ನಾಗಿತ್ತೆಂದರೆ ನಾನೂ ಮರುಳಾಗಿ ಅವನನ್ನೇ ಆರಿಸಿದೆ. ಅವನು ಶ್ರೀರಾಮನಗರದ ಹೊಲಗಳಿಂದ ಮಣ್ಣಿನ ಮಾದರಿ ತಂದಾಗ ಚೀಲದ ಹೊರಗೆ ಮಾತ್ರ ಚೀಟಿ ಅಂಟಿಸಿದ್ದ, ಒಳಗೊಂದು ಹಾಕಿರಲಿಲ್ಲ. ಹಸಿ ಮಣ್ಣಿಗೆ ಚೀಟಿಗಳೆಲ್ಲ ಕಳಚಿ ಬಿದ್ದು ಯಾವ ಚೀಲ ಯಾರ ಹೊಲದ್ದೋ ತಿಳಿಯದೆ ಒಂದು ಹಂಗಾಮಿನ ಕೆಲಸ ನೀರು ಪಾಲಾಯಿತು. ವರ್ಷ ತುಂಬುವ ಮೊದಲೇ ಅವನು ಬೇರೆ ಕಡೆ ಹೋದ. ಹೋಗುವಾಗ ನಾನೇ ಅವನಿಗೆ ಒಳ್ಳೆಯ ಪ್ರಮಾಣಪತ್ರ ಬರೆದುಕೊಟ್ಟೆ, ಯಾಕೆಂದರೆ ಆರಿಸಿದವಳು ನಾನು.

ಮುಂದಿನ ಸಲದ ಸಂದರ್ಶನಕ್ಕೆ ಬಂದವರಲ್ಲಿ ಶರಣಪ್ಪ ಇದ್ದ. ಯಲಬುರ್ಗಾ ತಾಲೂಕಿನ ಹಳ್ಳಿಯವನು. ತಂದೆ ತಾಯಿ ಕೂಲಿ ಮಾಡಿ ಓದಿಸಿದ್ದರು. ಇಸ್ತ್ರಿ ಮಾಡಿದ ಅಂಗಿ ಅವನ ಅಳತೆಯದಾಗಿರಲಿಲ್ಲ. ಆ ಸಲ ನಾನು ಹಿಂದಿನ ಸಲದ ಸಿಟ್ಟಿನಲ್ಲಿ ಒಂದು ಕಿತಾಪತಿ ಮಾಡಿದ್ದೆ. ಮೂರನೆಯ ತಟ್ಟೆಯ ಒಳ್ಳೆಯ ಮಣ್ಣಿನ ಮೇಲೆ ಅಡಿಗೆ ಉಪ್ಪನ್ನು ಪುಡಿಮಾಡಿ ಉದುರಿಸಿದ್ದೆ. ಬೆಳಗಿನಿಂದ ಬಂದವರೆಲ್ಲ ಅದನ್ನು ನೋಡಿ ಸವಳು ಎಂದಿದ್ದರು. ಶರಣಪ್ಪ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಒಯ್ದು, ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿ, ಬಾಯಿಗೆ ಹಾಕಿಕೊಳ್ಳಬಹುದೇ ಎಂದು ಕೇಳಿದ. ದೇಸಾಯಿ ಸರ್ ನಕ್ಕರು. ಅವನು ಮೊದಲೆರಡನ್ನು ಸರಿಯಾಗಿ ಹೇಳಿ ಮೂರನೆಯದನ್ನು ನಾಲಿಗೆಗೆ ಮುಟ್ಟಿಸಿ ಇನ್ನೊಂದು ಚಿಟಿಕೆ ತೆಗೆದು ರುಚಿ ನೋಡಿದ.

"ಇದು ಹೊಲದಾಗಿನ ಉಪ್ಪಲ್ರಿ ಮೇಡಂ. ಅಡಿಗಿ ಮನ್ಯಾಂದು. ಯಾರೋ ಆಮ್ಯಾಲ ಹಾಕ್ಯಾರ."

ನನ್ನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಪೂರ್ತಿ ಅಂಕವನ್ನು ಪೆನ್ನಿನಿಂದಲೇ ಬರೆದೆ. ದೇಸಾಯಿ ಸರ್ ಅದನ್ನು ನೋಡಿ ಪಕ್ಕದವರ ಪಟ್ಟಿಯ ಕಡೆ ಹೋದರು. ಆ ವರ್ಷ ಅವರಿಗೆ ಬೇಕಾದವರು ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಶರಣಪ್ಪ ನಮ್ಮಲ್ಲಿ ಆರು ವರ್ಷ ಇದ್ದ. ಪ್ರತಿ ವರ್ಷ ಅದೇ ಬೇವಿನ ಮರದ ಕೆಳಗೆ ಹೊಸಬರ ಜೊತೆ ಫೈಲು ಹಿಡಿದು ಕುಳಿತು, ತಾನು ಮಾಡುತ್ತಿದ್ದ ಕೆಲಸಕ್ಕೆ ತಾನೇ ಸಂದರ್ಶನ ಕೊಡುತ್ತಿದ್ದ. ಉಳಿದ ದಿನಗಳಲ್ಲಿ ಅವನನ್ನು ಕಾಣಬೇಕಾದರೆ ಗದ್ದೆಗೆ ಹೋಗಬೇಕು. ಕಾಲುವೆಯ ಪಕ್ಕದ ಹೊಲಗಳಲ್ಲಿ ಪೈಪು ಇಳಿಸಿ, ನೆಲದೊಳಗಿನ ನೀರು ಎಷ್ಟು ಮೇಲೆ ಬಂತು ಎಂದು ಹದಿನೈದು ದಿನಕ್ಕೊಮ್ಮೆ ಅಳೆಯುತ್ತಿದ್ದ. ಆಂಧ್ರದಿಂದ ಬಂದು ನೆಲೆಸಿದ್ದ ಶ್ರೀರಾಮನಗರದ ರೈತರ ಜೊತೆ ಮಾತಾಡಲು ತೆಲುಗು ಕಲಿತ. ನಾಲ್ಕನೆಯ ವರ್ಷದ ಹೊತ್ತಿಗೆ, ಮುಂದೆ ಯಾವ ಹೊಲ ಉಪ್ಪೇರಿ ಬೆಳ್ಳಗಾಗುತ್ತದೆ ಎಂದು ಬದುವಿನ ಮೇಲೆ ನಿಂತು ತೋರಿಸುವಷ್ಟಾಗಿದ್ದ. ಅವನು ತೋರಿಸಿದ ಹೊಲಗಳ ಒಡೆಯರು ಮೊದಲು ಬೈದರು, ಆಮೇಲೆ ಮನೆಗೆ ಕರೆದು ಊಟ ಹಾಕಿದರು. ಅಷ್ಟರಲ್ಲಿ ಅವನಿಗೆ ಮದುವೆಯಾಯಿತು. ಬೀಗರು ನೌಕರಿ ಪಕ್ಕಾನೋ ಕಚ್ಚಾನೋ ಎಂದು ಕೇಳಲು ನನ್ನ ಹತ್ತಿರವೇ ಬಂದಿದ್ದರು. ಇಂಥ ಹುಡುಗ ಕೈಬಿಟ್ಟು ಹೋಗಲು ಬಿಡುವುದಿಲ್ಲ ಎಂದು ನಾನು ಭರವಸೆ ಕೊಟ್ಟೆ.

ಈಗ ನನ್ನ ತಪ್ಪಿನ ಮಾತು. ಆ ಕೆಲಸದಿಂದ ಮೂರು ಲೇಖನಗಳು ಹೊರಬಂದವು. ಮೂರನ್ನೂ ಬರೆದವನು ಶರಣಪ್ಪ. ನಾನು ಇಂಗ್ಲಿಷ್ ತಿದ್ದಿದೆ, ಎರಡು ನಕ್ಷೆ ಹಾಕಿಸಿದೆ. ಮೊದಲ ಲೇಖನದ ಕರಡು ತಂದಾಗ ಹೆಸರುಗಳ ಜಾಗವನ್ನು ಅವನು ಖಾಲಿ ಬಿಟ್ಟಿದ್ದ. ಹೆಸರು ನೀವೇ ಹಾಕಿರಿ ಎಂದ. ನಮ್ಮ ಕೇಂದ್ರದಿಂದ ಏನೇ ಹೊರಗೆ ಹೋದರೂ ಮುಖ್ಯಸ್ಥರ ಹೆಸರು ಮೊದಲು, ಯೋಜನೆ ನೋಡಿಕೊಳ್ಳುವವರದು ಎರಡನೆಯದು, ಫೆಲೋನದು ಕೊನೆಗೆ. ಮದುವೆ ಪತ್ರಿಕೆಯಲ್ಲಿ ಮನೆಯ ಹಿರಿಯರ ಹೆಸರು ಮೊದಲು ಬರುವಂತೆ ಅದು ನಮಗೆ ಸಹಜವಾಗಿತ್ತು. ಟೈಪಿಸ್ಟ್ ಖಾಸಿಂಸಾಬರಿಗೆ ನಾನು ಹೇಳಬೇಕಾಗಿಯೂ ಇರಲಿಲ್ಲ. ದೇಸಾಯಿ ಸರ್ ಆ ಮೂರು ಲೇಖನಗಳನ್ನು ಓದಿದ್ದರೋ ಇಲ್ಲವೋ ನಾನು ಕಾಣೆ. ಹೆಸರು ಹಾಕಿ ಎಂದು ಅವರು ಕೇಳಲಿಲ್ಲ, ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ನಾನೇ ಹಾಕಿಸಿದೆ, ಮೂರು ಸಲ.

ಅದೇ ಹೊತ್ತಿಗೆ ಇನ್ನೊಂದು ಯೋಜನೆಯ ಆಯ್ಕೆಯಲ್ಲಿ ಸರ್ ತಮ್ಮ ಸಂಬಂಧಿಕರ ಹುಡುಗನೊಬ್ಬನನ್ನು ತೂರಿಸಲು ನೋಡಿದರು. ನಾನು ಅಂಕ ಅಳಿಸುವುದಿಲ್ಲ ಎಂದು ಹಟ ಹಿಡಿದೆ. ಗಲಾಟೆ ಟ್ರಸ್ಟಿನವರೆಗೆ ಹೋಯಿತು. ಹಾಗಾದರೆ ಯಾರೂ ಕೈಯಾಡಿಸಲಾಗದಂಥ ಪದ್ಧತಿಯೊಂದನ್ನು ನೀವೇ ಬರೆದುಕೊಡಿ ಎಂದು ಟ್ರಸ್ಟಿನವರು ನನಗೇ ಹೇಳಿದರು. ಒಂದು ವಾರ ಕುಳಿತು ಬರೆದೆ. ಪದವಿಗಳಿಗೆ ಇಷ್ಟು, ಮೊದಲ ಹೆಸರಿನ ಲೇಖನ ಒಂದಕ್ಕೆ ಇಷ್ಟು, ಎರಡನೆಯ ಹೆಸರಾದರೆ ಅರ್ಧ, ಅದರಾಚೆಗೆ ಏನೂ ಇಲ್ಲ. ಹೆಸರಿಗೆ ಹೆಸರು ಪೋಣಿಸಿ ಲೇಖನ ಲೆಕ್ಕ ತುಂಬಿಸುವವರನ್ನು ಹಿಡಿಯಬೇಕೆಂಬುದು ನನ್ನ ಹಂಚಿಕೆ. ಸಂದರ್ಶನಕ್ಕೆ ನೂರರಲ್ಲಿ ಹತ್ತೇ ಅಂಕ ಇಟ್ಟೆ. ನಮ್ಮಂಥವರ ಮೇಲೆ ಭರವಸೆ ಇಡಬಾರದು ಎಂದು ನನಗೆ ಅನುಭವವಾಗಿತ್ತಲ್ಲ. ಮೂರು ತಟ್ಟೆಗಳಿಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ನಾನೇ ಅವನ್ನು ತೊಳೆದು ಅಡಿಗೆ ಮನೆಗೆ ಕೊಟ್ಟೆ. ಟ್ರಸ್ಟಿನವರು ಭಾಳ ಛಲೋ ಆಗಿದೆ ಎಂದರು. ಬೇರೆ ಎರಡು ಕಡೆಯವರು ಪ್ರತಿ ತರಿಸಿಕೊಂಡರು. ನನಗೆ ಒಳಗೊಳಗೇ ಜಂಬ ಬಂದಿತ್ತು.

ಹಳೆಯ ಯೋಜನೆ ಮುಗಿದು ಹೊಸದು ಮಂಜೂರಾದಾಗ ನನ್ನ ಪಟ್ಟಿಯ ಪ್ರಕಾರ ಮೊದಲ ಆಯ್ಕೆ ನಡೆಯಿತು. ಶರಣಪ್ಪನೂ ಅರ್ಜಿ ಹಾಕಿದ್ದ. ಹೊಸ ಯೋಜನೆಯೂ ಅವನದೇ ಕೆಲಸದ ಮುಂದುವರಿಕೆ. ಸಂದರ್ಶನಕ್ಕೆ ಎರಡು ದಿನ ಮುಂಚೆ ಖಾಸಿಂಸಾಬರು ಒಂದೊಂದೇ ಅರ್ಜಿ ಓದುತ್ತ ಹೋದರು, ನಾನು ಅಂಕ ತುಂಬುತ್ತ ಹೋದೆ. ಶರಣಪ್ಪನ ಅರ್ಜಿ ಬಂತು. ಮೊದಲ ಹೆಸರಿನ ಲೇಖನ ಎಷ್ಟು ಎಂದೆ. ಅವರು ಹಾಳೆ ತಿರುವಿ, ಮತ್ತೆ ತಿರುವಿ, ಒಂದೂ ಇಲ್ಲ ಮೇಡಂ ಎಂದರು. ಎರಡನೆಯ ಹೆಸರು? ಅದೂ ಇಲ್ಲ. ನನ್ನ ಕೈ ಅಲ್ಲಿಯೇ ನಿಂತಿತು. ಹಾಗೆ ನಿಂತಾಗಲೇ ನನಗೆ ಗೊತ್ತಾಗಿದ್ದು, ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ನಂಬುವುದು ಕಷ್ಟ, ಆದರೆ ಪಟ್ಟಿ ಬರೆಯುವ ಆ ಒಂದು ವಾರ ನನ್ನ ಕಣ್ಣ ಮುಂದೆ ಇದ್ದವರೆಲ್ಲ ಕಳ್ಳರೇ. ಕೆಲಸ ಮಾಡಿ ಹೆಸರು ಬಿಟ್ಟುಕೊಟ್ಟವನು ಒಬ್ಬನಿದ್ದಾನೆ, ಅವನು ನನ್ನ ಪಕ್ಕದ ಕೋಣೆಯಲ್ಲೇ ಇದ್ದಾನೆ ಎಂಬುದು ನೆನಪಾಗಲಿಲ್ಲ.

ದೇಸಾಯಿ ಸರ್ ಹತ್ತಿರ ಓಡಿದೆ. ಈ ಒಂದು ಸಲ ಪಟ್ಟಿಯನ್ನು ಸ್ವಲ್ಪ ಸಡಿಲಿಸೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನಿಮ್ಮ ಪಟ್ಟೀನಽ ಅಲ್ಲೇನ್ರಿ ಮೇಡಂ? ಯಾರೂ ಕೈಯಾಡಸಬಾರದು ಅಂತ ಬರದವ್ರು ನೀವು."

ವ್ಯಂಗ್ಯವಾಗಿ ಹೇಳಿದರು ಎಂದುಕೊಳ್ಳಬಹುದಿತ್ತು. ಆದರೆ ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಬಹುಶಃ ಪೆನ್ಸಿಲ್ ಇದ್ದಿದ್ದರೆ ಅವರೇ ಶರಣಪ್ಪನಿಗೆ ನಾಲ್ಕು ಅಂಕ ಹೆಚ್ಚು ಕೊಡಿಸುತ್ತಿದ್ದರೇನೋ. ಈ ಯೋಚನೆ ಬಂದಾಗಲೆಲ್ಲ ನನಗೆ ಊಟ ರುಚಿಸುವುದಿಲ್ಲ.

ಶರಣಪ್ಪ ಐದನೆಯವನಾದ. ಒಂದು ತಿಂಗಳಲ್ಲಿ ಕೋಣೆ ಖಾಲಿ ಮಾಡಿ, ಆರು ವರ್ಷದ ಅಳತೆಯ ನೋಟುಬುಕ್ಕುಗಳನ್ನು ಹೊಸಬರಿಗೆ ಒಂದೊಂದಾಗಿ ತಿಳಿಸಿ ಕೊಟ್ಟು ಹೋದ. ಕುಷ್ಟಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾದ. ವಾರದಲ್ಲಿ ಎರಡು ದಿನ ಯಲಬುರ್ಗಾದಲ್ಲಿ ಪಾಠ. ಎರಡು ಕಡೆಯೂ ವರ್ಷಕ್ಕಷ್ಟೇ. ನಾವು ಹುದ್ದೆ ಕರೆದಾಗಲೆಲ್ಲ ಬಂದು ಬೇವಿನ ಮರದ ಕೆಳಗೆ ಕೂರುತ್ತಿದ್ದ. ಪಾಠ ಹೇಳುವವನಿಗೆ ಹೊಲವಿಲ್ಲ, ಹೊಲವಿಲ್ಲದೆ ಹೊಸ ಲೇಖನವಿಲ್ಲ. ಪ್ರತಿ ಸಲವೂ ಆ ಕಾಲಮ್ಮಿನಲ್ಲಿ ಸೊನ್ನೆ. ಅದನ್ನು ಬರೆಯುವ ಕೈ ನನ್ನದು.

ನಲವತ್ತು ತುಂಬಲು ಕೆಲವೇ ತಿಂಗಳು ಉಳಿದಿದ್ದಾಗ ಅವನು ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದ. ಅದು ಅವನ ಕೊನೆಯ ಅವಕಾಶ ಎಂದು ಇಬ್ಬರಿಗೂ ಗೊತ್ತಿತ್ತು. ಕುಳಿತುಕೋ ಎಂದೆ, ಚಹಾ ತರಿಸಿದೆ. ಹೆಂಡತಿ ಮಕ್ಕಳ ಸಮಾಚಾರವಾಯಿತು. ಆಮೇಲೆ ಕೈಯಲ್ಲಿದ್ದ ಕಪ್ಪನ್ನೇ ನೋಡುತ್ತ ಕೇಳಿದ.

"ಎರಡು ಸಾಲು ಬರದು ಕೊಡ್ರಿ ಮೇಡಂ. ಆ ಮೂರೂ ಪೇಪರಿನ ಕೆಲಸ ನಂದು ಅಂತ. ಮತ್ತೇನೂ ಬ್ಯಾಡ್ರಿ."

ಅಂಥ ಪತ್ರವಿದ್ದರೆ ಟ್ರಸ್ಟಿನವರು ಅವನ್ನು ಮೊದಲ ಹೆಸರಿನ ಲೇಖನಗಳೆಂದು ಒಪ್ಪುತ್ತಿದ್ದರು. ಪಟ್ಟಿ ನನ್ನದು, ನಾನು ಹೇಳಿದರೆ ಒಪ್ಪುತ್ತಿದ್ದರು. ಆದರೆ ಹಾಗೆ ಬರೆದರೆ ದೇಸಾಯಿ ಸರ್ ಹೆಸರು ಅಲ್ಲಿ ಪುಕ್ಕಟೆ ಬಂದದ್ದು ಎಂದು ಬರೆದಂತೆ. ಅವರ ನಿವೃತ್ತಿಗೆ ಇನ್ನು ಎರಡು ವರ್ಷ ಇತ್ತು. ನನ್ನ ಹೆಸರೂ ಎರಡನೆಯದಾಗಿ ಅಲ್ಲೇ ಇತ್ತಲ್ಲ. ಸಮಿತಿಯ ಸದಸ್ಯರು ಅಭ್ಯರ್ಥಿಗೆ ಪತ್ರ ಕೊಡುವ ಹಾಗಿಲ್ಲ ಶರಣಪ್ಪ, ನಿಯಮ ಅದು ಎಂದೆ. ಅಂಥ ನಿಯಮ ಎಲ್ಲಿಯೂ ಇರಲಿಲ್ಲ. ಅದನ್ನು ನಾನು ಆ ಗಳಿಗೆಯಲ್ಲಿ ಹುಟ್ಟಿಸಿದೆ. ನಂಬಿದನೋ ಬಿಟ್ಟನೋ, ಆಗಲಿ ಮೇಡಂ ಎಂದ. ಉಳಿದ ಚಹಾವನ್ನು ಪೂರ್ತಿ ಕುಡಿದು, ಕಪ್ಪನ್ನು ತಾನೇ ಹೊರಗಿಟ್ಟು ಹೋದ.

ಆ ಸಲ ಅವನು ಎರಡನೆಯವನಾದ. ಇದ್ದದ್ದು ಒಂದೇ ಹುದ್ದೆ. ಮೊದಲು ಬಂದ ಹುಡುಗಿಯದೇನೂ ತಪ್ಪಿಲ್ಲ, ಚುರುಕಾಗಿಯೇ ಇದ್ದಳು. ಎಂಟು ತಿಂಗಳಿಗೆ ಅವಳಿಗೆ ಪಕ್ಕಾ ನೌಕರಿ ಸಿಕ್ಕಿ ಹೊರಟುಹೋದಳು. ಹುದ್ದೆ ಖಾಲಿ ಬಿತ್ತು. ಅಷ್ಟರಲ್ಲಿ ಶರಣಪ್ಪನಿಗೆ ನಲವತ್ತು ದಾಟಿತ್ತು. ಅವನು ಅಳೆಯುತ್ತಿದ್ದ ಪೈಪುಗಳನ್ನು ಆಮೇಲೆ ಯಾರೂ ಅಳೆಯಲಿಲ್ಲ. ನಾನು ನಿವೃತ್ತಳಾಗುವ ವರ್ಷ ಶ್ರೀರಾಮನಗರಕ್ಕೆ ಹೋದಾಗ, ಹಿಂದೆ ಅವನು ಬೆರಳಿಟ್ಟು ತೋರಿಸಿದ್ದ ಹೊಲಗಳು ಒಂದೊಂದಾಗಿ ಬೆಳ್ಳಗಾಗಿದ್ದವು. ಒಬ್ಬ ರೈತ ನನ್ನನ್ನು ಗುರುತಿಸಿ, ಆ ಶರಣಪ್ಪ ಸಾರು ಈಗ ಯಾಕ ಬರಂಗಿಲ್ಲ ಎಂದು ಕೇಳಿದ. ವರ್ಗ ಆಗಿದೆ ಎಂದು ಸುಳ್ಳು ಹೇಳಿದೆ.

ಹೊಸದಾಗಿ ಆಯ್ಕೆ ಸಮಿತಿಗೆ ಬರುವವರಿಗೆ ನಾನು ಏನು ಹೇಳಲಿ? ಪೆನ್ಸಿಲ್ ಕೆಟ್ಟದ್ದು ಎಂದು ಪಟ್ಟಿ ತಂದೆ, ಪಟ್ಟಿ ಪೆನ್ಸಿಲಿಗಿಂತ ಕೆಟ್ಟದ್ದಾಯಿತು. ಈಗ ಅರ್ಜಿಗಳನ್ನು ಕಂಪ್ಯೂಟರೇ ಎಣಿಸುತ್ತದಂತೆ, ಸಂದರ್ಶನ ಪರದೆಯ ಮೇಲೆ ನಡೆಯುತ್ತದಂತೆ. ಆಗಲಿ. ಎದುರಿಗೆ ಕುಳಿತವನ ಕೆಲಸ ಯಾರ ಹೆಸರಿನಲ್ಲಿ ಹೊರಗೆ ಹೋಗಿದೆ ಎಂದು ಮೊದಲು ಕೇಳಿರಿ, ಅಷ್ಟೇ ನನಗೆ ಗೊತ್ತಿರುವುದು. ಕೇಳಿದರೂ ಅವರು ಹೇಳಲಿಕ್ಕಿಲ್ಲ, ಹೇಳಿದರೆ ಮುಂದಿನ ವರ್ಷ ಅವರಿಗೆ ಯಾರು ಹುದ್ದೆ ಕೊಡುತ್ತಾರೆ?

ನಿವೃತ್ತಿಯಾದ ಎರಡನೆಯ ತಿಂಗಳು ನಾನು ಆ ಪತ್ರ ಬರೆದೆ. ಎರಡು ಸಾಲಲ್ಲ, ಎರಡು ಪುಟ. ಮೂರೂ ಲೇಖನಗಳ ಹೆಸರು, ಹಳ್ಳಿಗಳು, ಪೈಪುಗಳ ಸಂಖ್ಯೆ ಎಲ್ಲ ಬರೆದು, ಈ ಕೆಲಸ ಸಂಪೂರ್ಣ ಡಾ. ಶರಣಪ್ಪನವರದು, ಹೆಸರಿನ ಕ್ರಮ ನನ್ನ ತಪ್ಪು ಎಂದು ಸಹಿ ಮಾಡಿದೆ. ಅವನು ಗಿಣಿಗೇರಾದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಅದಿರು ಪರೀಕ್ಷೆ ಮಾಡುತ್ತಾನೆಂದು ಖಾಸಿಂಸಾಬರಿಂದ ತಿಳಿದಿತ್ತು. ಫೋನ್ ಮಾಡಿ, ಬೆಳಗಿನ ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕಾಯ್ದೆ. ಬಂದ. ಕೂದಲು ನರೆತಿತ್ತು, ತೋಳಿನವರೆಗೆ ಕೆಂಪು ಧೂಳು. ಎಂದಿನಂತೆ ಕೈಮುಗಿದು, ಆರಾಮ ಅದೀರಿಲ್ರಿ ಮೇಡಂ ಎಂದ. ಪತ್ರ ಕೊಟ್ಟೆ. ಕ್ಷಮಿಸು ಎಂದು ಬಾಯಿಬಿಟ್ಟು ಹೇಳಿದೆ. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓದತೊಡಗಿದ. ನಿಧಾನವಾಗಿ ಎರಡೂ ಪುಟ ಓದಿದ. ಮೊದಲ ಪುಟಕ್ಕೆ ವಾಪಸು ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟ.

"ಮೂರು ಹಳ್ಳಿ ಅಂತ ಬರದೀರಿ. ನಾಕು ರೀ. ನವಲಿ ಬಿಟ್ಟೀರಿ."

ಅವನು ಹೇಳಿದ್ದು ಸರಿಯಾಗಿತ್ತು. ನವಲಿಯಲ್ಲಿ ಹನ್ನೊಂದು ಪೈಪು ಇದ್ದವು. ಪೆನ್ನು ತೆಗೆದು ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ ಮತ್ತೆ ಅವನ ಮುಂದೆ ಇಟ್ಟೆ. ಅವನು ಸರಿಯಾಯಿತೆಂದು ತಲೆಯಾಡಿಸಿದ. ಪುಟಗಳನ್ನು ಮೊದಲಿದ್ದ ಮಡಿಕೆಯ ಪ್ರಕಾರವೇ ಮಡಚಿ ಲಕೋಟೆಯೊಳಗೆ ಹಾಕಿ, ಎರಡೂ ಕೈಯಿಂದ ನನ್ನ ಕಡೆ ಚಾಚಿದ.

"ನೀವಽ ಇಟ್ಕೋರಿ ಮೇಡಂ. ಇದ್ರಾಗಿರೋದು ನನಗ ಮೊದಲಽ ಗೊತ್ತಿತ್ತು."

ಚಹಾದ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ. ಬಸ್ ಬರುವವರೆಗೆ ನನ್ನ ಜೊತೆ ನಿಂತಿದ್ದ, ಕೊಪ್ಪಳದ ಬಸ್ಸಿಗೆ ತಾನೇ ಕೈ ಮಾಡಿ ನಿಲ್ಲಿಸಿದ. ಲಕೋಟೆ ಹಿಡಿದುಕೊಂಡು ಹತ್ತಿದೆ.